ಮಸ್ಟರಿನಲ್ಲಿದ್ದ ಹೆಸರು

ಮಿಲ್ಲಿನವರು ಪೇಢೆ ಹಂಚಿದರು ಎಂದು ಕೇಳಿದಾಗಲೇ ನನಗೆ ಅನುಮಾನ ಬಂತು. ರಾಯಚೂರಿನ ಹೊರವಲಯದ ಆ ಹತ್ತಿ ಮಿಲ್ಲಿನಲ್ಲಿ ದೀಪಾವಳಿಗೂ ಯಾರ ಬಾಯಿಗೂ ಸಿಹಿ ಬಿದ್ದಿರಲಿಲ್ಲ. ಅಂಥವರು ಒಂದು ಬೆಳಿಗ್ಗೆ ಗೇಟಿನ ಬಳಿ ಮೇಜು ಹಾಕಿ, ಕೆಲಸಕ್ಕೆ ಬಂದ ಪ್ರತಿಯೊಬ್ಬರ ಕೈಗೂ ಒಂದು ಪೇಢೆ, ಒಂದು ಲಕೋಟೆ ಕೊಟ್ಟರಂತೆ. ಸಂಜೆ ಗಂಜ್ ಮಾರುಕಟ್ಟೆಯ ಹತ್ತಿರದ ನಮ್ಮ ಸಂಘದ ಕೋಣೆಗೆ ಹೆಂಗಸರು ಆ ಲಕೋಟೆಗಳನ್ನು ಹಿಡಿದುಕೊಂಡು ಬಂದರು. ಪೇಢೆಯನ್ನು ಯಾರೂ ಉಳಿಸಿರಲಿಲ್ಲ.

ನಾನು ಮಿಲ್ಲಿನ ಕೆಲಸದವಳಲ್ಲ. ಆ ಮಿಲ್ಲಿನ ಕಾರ್ಮಿಕ ಸಂಘದ ಕಾಗದಪತ್ರ ನೋಡಿಕೊಳ್ಳುವವಳು. ಅರ್ಜಿ ಬರೆಯುವುದು, ಸಹಿ ಹಾಕಿಸುವುದು, ಕಾರ್ಮಿಕ ಇಲಾಖೆಯ ಕಚೇರಿಗೆ ಓಡಾಡುವುದು ನನ್ನ ಪಾಲಿನ ಕೆಲಸ. ಸಂಶಯ ನನ್ನ ಹುಟ್ಟುಗುಣ. ಮಾನ್ವಿಯಲ್ಲಿ ದೇವಸ್ಥಾನದ ಪೂಜೆ ನಡೆಸುವ ನಮ್ಮ ಮನೆಯಲ್ಲಿ ಏಕಾದಶಿಯನ್ನೂ ಎರಡು ಪಂಚಾಂಗ ನೋಡದೆ ಒಪ್ಪುತ್ತಿರಲಿಲ್ಲ. ಆ ಅಭ್ಯಾಸ ಈ ಕೆಲಸಕ್ಕೆ ಒಳ್ಳೆಯದು ಎಂದೇ ನಾನು ತಿಳಿದಿದ್ದೆ.

ಲಕೋಟೆಯೊಳಗೆ ನೇಮಕಾತಿ ಪತ್ರವಿತ್ತು. ಹಳೆಯ ಕಾರ್ಮಿಕ ಕಾಯಿದೆಗಳನ್ನೆಲ್ಲ ಒಟ್ಟುಗೂಡಿಸಿ ಕೇಂದ್ರ ಸರ್ಕಾರ ನಾಲ್ಕು ಸಂಹಿತೆಗಳನ್ನು ಜಾರಿಗೆ ತಂದ ಮೇಲೆ, ಕೆಲಸಕ್ಕಿರುವ ಪ್ರತಿಯೊಬ್ಬರಿಗೂ ಇಂಥ ಪತ್ರ ಕೊಡಲೇಬೇಕು. ಅದು ಒಳ್ಳೆಯದೇ. ಆದರೆ ಆ ಪತ್ರಗಳಲ್ಲಿ ‘ಕೆಲಸಕ್ಕೆ ಸೇರಿದ ದಿನಾಂಕ’ ಎಂದಿದ್ದಲ್ಲಿ ಎಲ್ಲರಿಗೂ ಅದೇ ತಿಂಗಳ ಒಂದನೇ ತಾರೀಖು ಬಿದ್ದಿತ್ತು. ಕೆಳಗೆ ‘ನಿಗದಿತ ಅವಧಿ, ಹನ್ನೊಂದು ತಿಂಗಳು’ ಎಂದಿತ್ತು. ಹದಿನೈದು ವರ್ಷದಿಂದ ಹತ್ತಿಯ ಧೂಳು ಕುಡಿದವರೂ ಆ ಕಾಗದದ ಪ್ರಕಾರ ನಿನ್ನೆ ಮೊನ್ನೆ ಬಂದವರು. ಹನ್ನೊಂದು ತಿಂಗಳಾದ ಮೇಲೆ ಮನೆಗೆ ಹೋಗಿ ಎಂದರೆ ಕೇಳುವಂತಿಲ್ಲ.

“ಕಾಗದ ಕೊಡ್ರಿ ಕಾಗದ ಕೊಡ್ರಿ ಅಂತ ನಾವೇ ಬಡ್ಕೊಂಡ್ವಿ,” ಎಂದರು ನಮ್ಮ ಅಧ್ಯಕ್ಷರು. ಅವರು ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸಿನಲ್ಲಿ ದುಡಿಯುವ ಹಿರಿಯರು. “ಈಗ ಕೊಟ್ಟಾರ. ಕೊಟ್ರೂ ಅನುಮಾನ, ಕೊಡದಿದ್ರೂ ಅನುಮಾನ. ನಿಮಗ ಹೆಂಗ ಮಾಡಬೇಕ್ರಿ ಮೇಡಂ?”

“ತಾರೀಖು ನೋಡ್ರಿ ಅಣ್ಣಾರ,” ಎಂದೆ. ಅವರು ಕನ್ನಡಕ ಏರಿಸಿ ನೋಡಿದರು, ಆಮೇಲೆ ಇನ್ನೊಂದು ಲಕೋಟೆ ತೆಗೆದು ನೋಡಿದರು.

ಯಾರೂ ಸಹಿ ಮಾಡಬಾರದು ಎಂದು ತೀರ್ಮಾನವಾಯಿತು. ಆದರೆ ಮಿಲ್ಲಿನ ಎದುರು ಕೂತು ಮಾತಾಡಲು ನಮಗೆ ಹಕ್ಕು ಬೇಕು. ಹೊಸ ಕಾನೂನಿನಲ್ಲಿ ಒಂದೇ ಕಡೆ ಎರಡು ಸಂಘವಿದ್ದರೆ, ಮಸ್ಟರಿನಲ್ಲಿರುವವರ ಪೈಕಿ ನೂರಕ್ಕೆ ಐವತ್ತೊಂದು ಮಂದಿಯನ್ನು ಹೊಂದಿದ ಸಂಘವೇ ಎಲ್ಲರ ಪರವಾಗಿ ಮಾತಾಡುವ ಸಂಘ. ಮಸ್ಟರ್ ಎಂದರೆ ಮಿಲ್ಲಿನ ಹಾಜರಿ ಪುಸ್ತಕ. ಅಲ್ಲಿಯವರೆಗೆ ಹೆಸರಿಗಷ್ಟೇ ಇದ್ದ ಇನ್ನೊಂದು ಸಂಘಕ್ಕೆ ಆ ವಾರವೇ ಜೀವ ಬಂತು. ಅದರ ಹೊಸ ಬೋರ್ಡಿಗೆ ಬಳಿದದ್ದು ಮಿಲ್ಲಿನ ಗೇಟಿಗೆ ಬಳಿದ ಹಸಿರು ಬಣ್ಣವನ್ನೇ. ಅದು ಯಾರ ಸಂಘ ಎಂದು ತಿಳಿಯಲು ಪತ್ತೇದಾರಿ ಬೇಕಿರಲಿಲ್ಲ.

ಮಸ್ಟರಿನಲ್ಲಿ ಇನ್ನೂರ ಹನ್ನೆರಡು ಹೆಸರು. ನಮಗೆ ನೂರ ಒಂಬತ್ತು ಸದಸ್ಯತ್ವದ ಫಾರಂ ಬೇಕು. ರಾಜ್ಯದ ನಿಯಮಗಳು ಇನ್ನೂ ನಮ್ಮ ಕೈಗೆ ಬಂದಿರಲಿಲ್ಲವಾದ್ದರಿಂದ, ಕಾರ್ಮಿಕ ಅಧಿಕಾರಿಯವರು ಎಲ್ಲರನ್ನೂ ಕರೆಸಿ, ಎರಡೂ ಸಂಘದ ಫಾರಂಗಳನ್ನು ಮಸ್ಟರಿನ ಜೊತೆ ಇಟ್ಟು ತಾಳೆ ನೋಡುತ್ತೇನೆ ಎಂದರು. ಎಲ್ಲರೂ ಒಪ್ಪಿದರು. ಮಿಲ್ಲಿನ ಮ್ಯಾನೇಜರು ಬೇಗ ಒಪ್ಪಿದ್ದು ನನಗೆ ಹಿಡಿಸಲಿಲ್ಲ.

ಮೂರು ವಾರ ನಾನು ಊರೂರು ತಿರುಗಿದೆ. ಮಿಲ್ಲಿನಲ್ಲಿ ಮಾತಾಡಲು ಬಿಡುತ್ತಿರಲಿಲ್ಲ, ಹಾಗಾಗಿ ಮನೆಗಳಿಗೇ ಹೋಗಬೇಕು. ಗುಂಜಹಳ್ಳಿ ಕಡೆಯವರು ಕೈಗೆ ಬೇಗ ಸಿಕ್ಕರು. ಹಿರೇಕೊಟ್ನೆಕಲ್‌ನಿಂದ ಟಂಟಂ ಆಟೋದಲ್ಲಿ ಬಂದು ಹೋಗುವ ಹೆಂಗಸರನ್ನು ಅವರ ಊರಿನ ಕಟ್ಟೆಯ ಮೇಲೆ ಕೂಡಿಸಿಕೊಂಡು ಬರೆಸಿದೆ. ಒಬ್ಬೊಬ್ಬರದೂ ಹೆಸರು, ಮಸ್ಟರ್ ನಂಬರು, ವಯಸ್ಸು, ಸಹಿ ಇಲ್ಲವೆ ಹೆಬ್ಬೆಟ್ಟು. ಅಲ್ಲಿ ಒಬ್ಬಾಕೆ ಪೆನ್ನು ಹಿಡಿದು, “ಯಾರ ಹೆಸ್ರಿಲೆ ಬರೀಬೇಕ್ರಿ ಅಕ್ಕಾರ?” ಎಂದು ಕೇಳಿದಳು.

ಹಿಂದೆ ಇಪ್ಪತ್ತು ಜನ ಕಾದಿದ್ದರು, ಟಂಟಂನವನು ಹಾರ್ನು ಹೊಡೆಯುತ್ತಿದ್ದ. “ಮಸ್ಟರ್‌ನ್ಯಾಗ ಹ್ಯಾಂಗದ ಹಾಂಗ ಬರೀರಿ,” ಎಂದೆ. “ಅಲ್ಲಿ ಒಂದು, ಇಲ್ಲಿ ಒಂದು ಆಗಬಾರದು.” ಅದೇ ಮಾತನ್ನು ಎಲ್ಲ ಊರಲ್ಲೂ ಹೇಳಿದೆ.

ದೇವದುರ್ಗ ತಾಲೂಕಿನವರು ಮಾತ್ರ ಬೇರೆ. ಅವರು ಮಿಲ್ಲಿನ ಹಿಂದಿನ ಬಾಡಿಗೆ ಕೋಣೆಗಳಲ್ಲಿ ಇದ್ದು ವಾರದ ರಜೆಗೆ ಊರಿಗೆ ಹೋಗುತ್ತಾರೆ. ಆ ಗುಂಪನ್ನು ಹಿಡಿದಿಟ್ಟವಳು ಏಳನೇ ಯಂತ್ರಕ್ಕೆ ಹತ್ತಿ ಹಾಕುವ ಒಬ್ಬಾಕೆ. ನಲವತ್ತರ ಆಸುಪಾಸು, ಗಟ್ಟಿ ದನಿ, ಎಡಗೈಯ ಎರಡು ಬೆರಳು ಸೊಟ್ಟ. ಎಲ್ಲರೂ ಅವಳನ್ನು ದೇವದುರ್ಗದಾಕೆ ಎನ್ನುತ್ತಿದ್ದರು. ಸಂಘದ ಕೆಲಸಕ್ಕೆ ಮೊದಲು ಬರುವವಳು ಅವಳೇ, ಕೊನೆಗೆ ಹೋಗುವವಳೂ ಅವಳೇ. ನಾನು ಫಾರಂ ಕೊಟ್ಟ ಮರುದಿನವೇ ನಲವತ್ತು ಫಾರಂ ತುಂಬಿಸಿ ತಂದುಕೊಟ್ಟಳು. ಎಲ್ಲದರಲ್ಲೂ ಒಂದೇ ಕೈ ಅಕ್ಷರ, ಒಂದೇ ನೀಲಿ ಶಾಯಿ.

“ಇಷ್ಟು ಲಗೂನ?” ಎಂದೆ.

“ನಮ್ಮ ಹುಡುಗಿ ಊರಿಂದ ಬಂದಿದ್ಳು, ಆಕಿ ಬರದಾಳ್ರಿ. ಕಾಲೇಜು ಓದಾಕತ್ತಾಳ. ಹೆಬ್ಬೆಟ್ಟು ಅವ್ರವ್ರದೇ ಅದಾವ.”

“ಆಧಾರ್ ಝೆರಾಕ್ಸ್ ಎಲ್ಲಿ?”

“ಎಲ್ಲಾರ್ದೂ ಊರಾಗ ಅದಾವ್ರಿ. ತಂದ್ಕೊಡ್ತೀನಿ.”

ಅವಳು ತರಲಿಲ್ಲ. ಎರಡು ಸಲ ಕೇಳಿದೆ, ಎರಡು ಸಲವೂ ಬೇರೆ ಮಾತು ತೆಗೆದಳು. ಒಂದು ಮಧ್ಯಾಹ್ನ ನಾನು ಮಿಲ್ಲಿನ ಮುಂದೆ ಹೋಗುವಾಗ ಅವಳು ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಮ್ಯಾನೇಜರ ಜೊತೆ ನಿಂತಿದ್ದಳು. ಅವರು ನಗುತ್ತಿದ್ದರು, ಅವಳು ನೆಲ ನೋಡುತ್ತಿದ್ದಳು. ನನ್ನನ್ನು ಕಂಡವಳೇ ಸೆರಗು ಎಳೆದುಕೊಂಡು ಒಳಗೆ ಹೋದಳು. ಸಂಜೆ ಕೇಳಿದರೆ, “ಏನಿಲ್ರಿ, ಕೆಲ್ಸದ ಮಾತು,” ಎಂದಳು.

ನೂರ ಇಪ್ಪತ್ತನಾಲ್ಕು ಫಾರಂ ಸೇರಿದವು. ಪಟ್ಟಿ ಮಾಡಿ ಅಧಿಕಾರಿಗೆ ಕೊಟ್ಟೆವು, ಅವರು ಹೇಳಿದಂತೆ ಒಂದು ಪ್ರತಿ ಮಿಲ್ಲಿಗೂ ಹೋಯಿತು. ಎರಡೇ ದಿನಕ್ಕೆ ಹಸಿರು ಬೋರ್ಡಿನ ಸಂಘದಿಂದ ತಕರಾರು ಅರ್ಜಿ ಬಿತ್ತು. ‘ಈ ಸಂಘದವರು ಸತ್ತವರನ್ನೂ ಸದಸ್ಯರನ್ನಾಗಿ ತೋರಿಸಿದ್ದಾರೆ. ಉದಾಹರಣೆಗೆ ಇಂಥ ನಂಬರಿನ ಮಹಿಳೆ ತೀರಿಕೊಂಡು ಹತ್ತು ವರ್ಷಕ್ಕೆ ಮೇಲಾಗಿದೆ. ಇಡೀ ಪಟ್ಟಿಯನ್ನು ತಿರಸ್ಕರಿಸಬೇಕು.’ ಜೊತೆಗೆ ಮರಣ ಪ್ರಮಾಣಪತ್ರದ ಪ್ರತಿ ಇತ್ತು. ಆ ನಂಬರು ದೇವದುರ್ಗದ ಗುಂಪಿನದು. ಆ ಫಾರಂ ದೇವದುರ್ಗದಾಕೆ ತಂದ ಕಟ್ಟಿನದು.

ನನಗೆ ಲೆಕ್ಕ ಕೂಡಿ ಬಂತು. ಒಂದೇ ಶಾಯಿ, ತಾರದ ಆಧಾರ್, ಬೇವಿನ ಮರದ ಕೆಳಗಿನ ಮಾತು. ನಮ್ಮ ಪಟ್ಟಿ ಕೆಡಿಸಲಿಕ್ಕೆಂದೇ ಸತ್ತವಳ ಹೆಸರನ್ನು ಸೇರಿಸಿದ್ದಾಳೆ, ಮ್ಯಾನೇಜರು ಹೇಳಿಕೊಟ್ಟಿದ್ದಾರೆ. ಅಂದಿನ ಸಭೆಯಲ್ಲಿ ಅವಳ ಎದುರಿಗೇ ಕೇಳಿಬಿಟ್ಟೆ.

“ಈ ಹೆಸರು ನಿಮ್ಮ ಕಟ್ಟಿನ್ಯಾಗ ಹ್ಯಾಂಗ ಬಂತು?”

ಅವಳು ಫಾರಂ ನೋಡಿದಳು. “ನೀವು ಹೇಳ್ದಂಗ ಬರದೀವ್ರಿ,” ಎಂದಳು.

“ಸತ್ತವರ ಹೆಸರು ಬರೀರಿ ಅಂತ ನಾ ಹೇಳಿದ್ನ?”

ಅವಳು ಫಾರಂ ನನ್ನ ಕಡೆ ಸರಿಸಿದಳು. ಅಧ್ಯಕ್ಷರು ನಡುವೆ ಬರಲು ನೋಡಿದರು, ನಾನು ಬಿಡಲಿಲ್ಲ. ಇನ್ನು ಮುಂದೆ ಸಂಘದ ಕಾಗದ ಯಾವುದೂ ಅವಳ ಕೈಗೆ ಹೋಗಬಾರದು, ಅವಳ ಎದುರು ಯಾರೂ ಸಂಘದ ಮಾತು ಆಡಬಾರದು ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅವಳ ಜೊತೆ ಗುಂಪಿನ ಉಳಿದ ಹೆಂಗಸರೂ ಎದ್ದರು. ಕಳ್ಳರ ಕೂಟ ಸಿಕ್ಕಿಬಿತ್ತು ಎಂದೇ ಆಗ ನನಗೆ ಅನಿಸಿತ್ತು. ಈಗ ಆ ಸಂಜೆ ನೆನೆದರೆ ನಾಚಿಕೆಯಾಗುತ್ತದೆ.

ತಾಳೆ ನೋಡುವ ದಿನಕ್ಕೆ ಇನ್ನು ಆರು ದಿನವಿತ್ತು. ಆ ಹೆಸರನ್ನು ಬೇಕೆಂದೇ ಸೇರಿಸಿದ್ದಾರೆ ಎಂದು ತೋರಿಸಿದರೆ ಉಳಿದ ಪಟ್ಟಿಯನ್ನಾದರೂ ಉಳಿಸಿಕೊಳ್ಳಬಹುದು. ಅದಕ್ಕೆ ಸಾಕ್ಷಿ ಹುಡುಕಲು ಮರುದಿನ ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಕಾಲ್ನಡಿಗೆ. ಮರಣ ಪ್ರಮಾಣಪತ್ರದಲ್ಲಿದ್ದ ಊರಿನಲ್ಲಿ ಸತ್ತವಳ ಮನೆ ಕೇಳಿದರೆ ಮೊದಲು ಕಂಡವರೇ ತೋರಿಸಿದರು.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಒಬ್ಬ ಹೆಂಗಸಿನ ಸಣ್ಣ ಫೋಟೋ. ಬಾಗಿಲಲ್ಲಿ ಪುಸ್ತಕ ಹಿಡಿದು ಕೂತಿದ್ದ ಇಪ್ಪತ್ತರ ಹುಡುಗಿ ಎದ್ದು ನಿಂತಳು. ದೇವದುರ್ಗದ ಕಾಲೇಜಿನಲ್ಲಿ ಓದುತ್ತೇನೆ, ಇವತ್ತು ರಜೆ ಎಂದಳು. ನಾನು ಸಂಘದವಳು ಎಂದಾಗ ಮುಖ ಅರಳಿತು.

“ಫಾರಂ ನಾನೇ ಬರದಿದ್ದೆ ಮೇಡಂ. ಏನರೆ ತಪ್ಪು ಆಗ್ಯಾವೇನ್ರಿ?”

“ಈ ಫೋಟೋ ಯಾರದವ್ವಾ?”

“ನಮ್ಮವ್ವಂದು. ನಾ ಸಣ್ಣಾಕಿ ಇದ್ದಾಗ ತೀರ್ಕೊಂಡಾಳ್ರಿ.”

“ಆಕಿ ಹೆಸರಿಲೆ ಫಾರಂ ಯಾಕ ಬರದಿ ಮತ್ತ?”

ಹುಡುಗಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. “ನಂಬರ್ ಆಕಿದ ಅಲ್ರಿ,” ಎಂದಳು. “ಅವ್ವ ಹಾಸಗಿ ಹಿಡದಾಗ ಚಿಕ್ಕಮ್ಮ ಆಕಿ ನಂಬರಿನ್ಯಾಗ ಹೋಗಾಕ ಹತ್ತಿದ್ಳು. ಹನ್ನೊಂದು ವರ್ಷ ಆತ್ರಿ. ಮಿಲ್ಲಿನ್ಯಾಗ ಚಿಕ್ಕಮ್ಮಗ ಅವ್ವನ ಹೆಸ್ರ ಅದ. ಮಸ್ಟರ್‌ನ್ಯಾಗ ಇದ್ದಂಗ ಬರೀಬೇಕು ಅಂತ ನೀವೇ ಹೇಳಿದ್ರಂತ.”

ಅವಳ ಚಿಕ್ಕಮ್ಮ ಎಂದರೆ ನಮ್ಮ ದೇವದುರ್ಗದಾಕೆಯೇ. ಹುಡುಗಿ ಚಹಾ ಮಾಡಿಕೊಟ್ಟಳು, ಉಳಿದದ್ದನ್ನೂ ಹೇಳಿದಳು. ಅವಳ ಮಟ್ಟಿಗೆ ಅದರಲ್ಲಿ ಮುಚ್ಚುಮರೆಯೇ ಇರಲಿಲ್ಲ. ಆ ಕಡೆಯ ಹಳ್ಳಿಗಳಲ್ಲಿ ಮಿಲ್ಲಿನ ನಂಬರು ಒಬ್ಬರದಲ್ಲ, ಮನೆಯದು. ಹೆರಿಗೆಗೆ ಹೋದವಳು ನಾದಿನಿಗೆ ಬಿಟ್ಟುಹೋಗುತ್ತಾಳೆ. ಗಂಡನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವಳು ತಂಗಿಗೆ ಬಿಡುತ್ತಾಳೆ. ಅತ್ತೆ ಕೂತರೆ ಸೊಸೆ ಏಳುತ್ತಾಳೆ. ನಂಬರಿಗೆ ಕೈ ಸಿಕ್ಕರೆ ಸಾಕು, ಮಿಲ್ಲಿನವರು ಕೇಳುವುದಿಲ್ಲ. ಹೊಸ ಹೆಸರು ಬರೆಸಲು ಹೋದರೆ, ನಂಬರೇ ಹೋಗುತ್ತದೆ ಎಂದು ಹೆದರಿಸುತ್ತಾರೆ. ಹಿರೇಕೊಟ್ನೆಕಲ್‌ನ ಕಟ್ಟೆಯ ಮೇಲೆ ಒಬ್ಬಾಕೆ ‘ಯಾರ ಹೆಸರಿನಲ್ಲಿ’ ಎಂದು ಕೇಳಿದ್ದು ಏಕೆಂದು ಆಗ ಗೊತ್ತಾಯಿತು. ಕಂಡಕಂಡದ್ದನ್ನೆಲ್ಲ ಸಂಶಯಿಸಿದ ನಾನು ನನ್ನ ಬಾಯಿಂದ ಬಂದ ಮಾತನ್ನು ಒಮ್ಮೆಯೂ ಸಂಶಯಿಸಿರಲಿಲ್ಲ.

“ಮ್ಯಾನೇಜರ್ ಸಾಹೇಬ್ರು ಚಿಕ್ಕಮ್ಮನ್ನ ಕರ್ದು ಹೇಳ್ಯಾರಂತ್ರಿ,” ಎಂದಳು ಹುಡುಗಿ. “ನಿನ್ನ ಗುಂಪು ತಗೊಂಡು ಆ ಸಂಘಕ್ಕ ಬಾ, ಇಲ್ಲಂದ್ರ ನಿಮ್ಮಕ್ಕ ಸತ್ತಿದ್ದು ಹೊರಗ ಹಾಕ್ತೀನಿ ಅಂತ. ಈಕಿ ಒಲ್ಲೆ ಅಂದಾಳ. ಕೆಲ್ಸ ಹೋಗ್ತದೇನ್ರಿ ಮೇಡಂ?”

ಬೇವಿನ ಮರದ ಕೆಳಗೆ ಅವಳು ನೆಲ ನೋಡುತ್ತಿದ್ದದ್ದು ನನ್ನ ಕಣ್ಣ ಮುಂದೆ ಬಂತು. ನಮ್ಮಲ್ಲಿ ಯಾರಾದರೂ ಕೆಲಸವನ್ನು ಪಣಕ್ಕಿಟ್ಟಿದ್ದರೆ ಅದು ಅವಳೊಬ್ಬಳೇ. ನಾನು ಅವಳನ್ನೇ ಹೊರಗೆ ಹಾಕಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಇನ್ನೊಂದು ಪ್ರಶ್ನೆಯೂ ಕಾಡಿತು. ಇದೇ ಒಂದೇ ಶಾಯಿಯ ಫಾರಂಗಳನ್ನು ಮಾನ್ವಿಯ ನಮ್ಮ ಬೀದಿಯವರು ಯಾರಾದರೂ ತಂದಿದ್ದರೆ, ಇಷ್ಟು ಬೇಗ ಕಳ್ಳತನ ಎನ್ನುತ್ತಿದ್ದೆನೇ? ಇಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಬಸ್ಸಿಳಿದು ನೇರ ಮಿಲ್ಲಿನ ಹಿಂದಿನ ಕೋಣೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಊರಿಗೆ ಹೋಗಿದ್ದೆ, ತಪ್ಪಾಯಿತು ಎಂದೆ.

“ಗೊತ್ತಾತು, ಹುಡುಗಿ ಫೋನ್ ಮಾಡಿದ್ಳು,” ಎಂದಳು. ರೊಟ್ಟಿ ತಿರುವಿ ಹಾಕಿದಳು. “ನೀವು ಅವತ್ತು ನಮ್ಮ ಊರ ಹೆಣಮಕ್ಳ ಮುಂದ ಮಾತಾಡಿದ್ರಿ. ಮ್ಯಾನೇಜರ್ ಬೈದಿದ್ದು ನಾ ಒಬ್ಬಾಕಿ ಇದ್ದಾಗ.”

ತಪ್ಪಾಯಿತು ಎಂದು ಎಲ್ಲರ ಮುಂದೆಯೂ ಹೇಳುತ್ತೇನೆ ಎಂದೆ. ಮರುದಿನ ಸಂಜೆ ಹೇಳಿದೆ. ಅವಳು ಕೇಳಿಸಿಕೊಂಡಳು, ಆಯಿತು ಎನ್ನಲಿಲ್ಲ.

ಅದೇ ಸಂಜೆ ವಕೀಲರನ್ನು ಕರೆಸಿ ಫಾರಂಗಳನ್ನೆಲ್ಲ ಮತ್ತೆ ಹರಡಿದೆವು. ಒಬ್ಬೊಬ್ಬರನ್ನೂ ಕೂರಿಸಿ ಕೇಳಿದಾಗ ಬೇರೆಯವರ ನಂಬರಿನಲ್ಲಿ ದುಡಿಯುವವರು ಮೂವತ್ತೊಂದು ಮಂದಿ ಸಿಕ್ಕರು. ವಕೀಲರು ಸಮಾಧಾನದ ಮನುಷ್ಯ, ಆದರೆ ಅವತ್ತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು. ಅವರು ಹೇಳಿದ್ದು ಇಷ್ಟು. ಮೂವತ್ತೊಂದು ಫಾರಂ ಹಿಂದಕ್ಕೆ ತೆಗೆದರೆ ಯಾರ ಕೆಲಸಕ್ಕೂ ಸದ್ಯ ಕುತ್ತಿಲ್ಲ, ಆದರೆ ಅರ್ಧಕ್ಕಿಂತ ಕೆಳಗೆ ಬೀಳುತ್ತೇವೆ, ಆಗ ಮಾತುಕತೆಗೆ ನಮ್ಮ ಪಕ್ಕದಲ್ಲಿ ಹಸಿರು ಬೋರ್ಡಿನವರೂ ಕೂರುತ್ತಾರೆ. ಸುಮ್ಮನಿದ್ದರೆ ಮ್ಯಾನೇಜರು ಒಂದೊಂದೇ ಹೆಸರು ಬಿಚ್ಚುತ್ತಾರೆ, ಇಡೀ ಪಟ್ಟಿ ಬೀಳುತ್ತದೆ. ನಾವೇ ಮೊದಲು ಅಧಿಕಾರಿಗೆ ನಿಜ ಬರೆದುಕೊಟ್ಟರೆ ಪಟ್ಟಿ ಉಳಿಯಬಹುದು, ಆದರೆ ಮಿಲ್ಲಿನವರು ಮೋಸದ ಆರೋಪ ಹೊರಿಸಿ ಮೂವತ್ತೊಂದು ಮಂದಿಯನ್ನೂ ಹೊರಗೆ ಹಾಕಬಹುದು.

“ಇವ್ರು ಬೇರೇರ ಹೆಸ್ರಿಲೆ ದುಡಿಯೋದು ಮಿಲ್ಲಿನವ್ರಿಗೆ ಮೊದ್ಲಿನಿಂದ ಗೊತ್ತಿತ್ತು ಅನ್ನೋಕೆ ಒಂದು ಕಾಗದ ಬೇಕು,” ಎಂದರು. “ಮಿಲ್ಲಿನವರ ಸಹಿ ಇರಬೇಕು, ಇವರ ಸ್ವಂತ ಹೆಸರಿರಬೇಕು. ಯಾರ ಹತ್ರಾದ್ರೂ ಅದೆಯಾ?”

ಅಂಥ ಕಾಗದ ನನ್ನ ಕಡತದಲ್ಲಿ ಇರಲಿಲ್ಲ. ಮೂವತ್ತೊಂದು ಫಾರಂ ತೆಗೆಯುವುದೇ ಸರಿ ಎಂದು ನನಗೆ ಅನಿಸಿತು. ಹಾಗೆಯೇ ಹೇಳಿದೆ.

“ನಂದು ತೆಗೀಬ್ಯಾಡ್ರಿ,” ಎಂದಳು ದೇವದುರ್ಗದಾಕೆ, ಮೂಲೆಯಿಂದ. “ಕಾಗದ ಅದ.”

ಆರು ವರ್ಷದ ಹಿಂದೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಉರುಳೆಗೆ ಅವಳ ಎರಡು ಬೆರಳು ಸಿಕ್ಕಿದ್ದವು. ಮಿಲ್ಲಿನ ಮೇಸ್ತ್ರಿ, ಅಂದರೆ ಹಾಜರಿ ಹಾಕುವವನು, ಅವಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದ. ಚೀಟಿ ಮಾಡಿಸುವಾಗ ಹೆಸರು ಕೇಳಿದರು. “ನೋವಿನ್ಯಾಗ ಅಕ್ಕನ ಹೆಸ್ರು ಬಾಯಿಗೆ ಬರಲಿಲ್ರಿ. ನಂದೇ ಹೇಳಿಬಿಟ್ಟೆ,” ಎಂದಳು. ಚೀಟಿಯಲ್ಲಿ ಅವಳ ಹೆಸರಿತ್ತು, ಕೆಳಗೆ ಕರೆತಂದವರು ಎಂದಿದ್ದಲ್ಲಿ ಮೇಸ್ತ್ರಿಯ ಸಹಿ, ಪಕ್ಕದಲ್ಲಿ ಮಿಲ್ಲಿನ ಹೆಸರು. ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಳು.

“ಕೆಲಸ ಹೋದ್ರ?” ಎಂದರು ಅಧ್ಯಕ್ಷರು.

“ಹುಡುಗಿ ಓದಾಕತ್ತಾಳ, ಕೆಲ್ಸ ಬೇಕು. ಅದಕ್ಕ ಇಷ್ಟು ದಿನ ಸುಮ್ಮಿದ್ದೆ,” ಎಂದಳು. “ಈಗ ಅವ್ರ ಕೈಯಾಗ ಸಿಕ್ಕೀನಿ. ಇವತ್ತು ಸಂಘ ಬಿಡು ಅಂದ್ರು, ನಾಳಿ ಇನ್ನೊಂದು ಅಂತಾರ. ಹೆಂಗರೆ ಆಗ್ಲಿ, ಬರೀರಿ.”

ನಾವೇ ಮೊದಲು ನಿಜ ಬರೆದುಕೊಡುವುದೆಂದು ಅಂದು ತೀರ್ಮಾನವಾಯಿತು. ಮೂವತ್ತೊಂದು ಜನರದೂ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಬರೆಯಲು ಕೂತೆ. ಪ್ರತಿಯೊಂದರಲ್ಲೂ ಸ್ವಂತ ಹೆಸರು, ಯಾರ ನಂಬರು, ಎಂದಿನಿಂದ, ಯಾವ ಯಂತ್ರ, ಪಕ್ಕದಲ್ಲಿ ಯಾರು. ನಾಲ್ಕು ಮಂದಿ ಬೇಡ ಎಂದು ಫಾರಂ ವಾಪಸು ಪಡೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೇಳು ಪ್ರಮಾಣಪತ್ರಗಳ ಮೇಲೆ ನನ್ನದೂ ಒಂದು ಇಟ್ಟೆ. ಮಸ್ಟರಿನಲ್ಲಿದ್ದಂತೆ ಬರೆಯಿರಿ ಎಂದು ಹೇಳಿದವಳು ನಾನು, ಇವರು ಮೋಸ ಮಾಡಿಲ್ಲ ಎಂದು ಬರೆದು ಸಹಿ ಹಾಕಿದೆ. ವಕೀಲರು ಇದು ಬೇಕಿರಲಿಲ್ಲ ಎಂದರು. ನನಗೆ ಬೇಕಿತ್ತು.

ತಾಳೆ ನೋಡುವ ದಿನ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಜಾಗ ಸಾಲದೆ ಹೆಂಗಸರು ಹೊರಗಿನ ವರಾಂಡದಲ್ಲಿ ಕೂತರು. ಒಳಗೆ ಮೇಜಿನ ಒಂದು ಕಡೆ ನಾವು, ಇನ್ನೊಂದು ಕಡೆ ಮ್ಯಾನೇಜರು, ಅವರ ಪಕ್ಕ ಹಸಿರು ಬೋರ್ಡಿನ ನಾಯಕ. ಅಧಿಕಾರಿ ಮೊದಲು ನಮ್ಮ ಪ್ರಮಾಣಪತ್ರಗಳನ್ನು ಓದಿದರು. ಪೂರ್ತಿ ಓದಿದರು. ಮ್ಯಾನೇಜರ ಮುಖದ ನಗೆ ಹಾಗೇ ಇತ್ತು, ನಾವೇ ತಪ್ಪೊಪ್ಪಿಕೊಂಡದ್ದು ಅವರಿಗೆ ಅನುಕೂಲವೇ ಎಂದು ನನಗೆ ಭಯವಾಯಿತು.

ಅಧಿಕಾರಿ ದೇವದುರ್ಗದಾಕೆಯನ್ನು ಒಳಗೆ ಕರೆಸಿದರು. ಮ್ಯಾನೇಜರು ಅವಳ ಕಡೆ ನೋಡದೆ ಹೇಳಿದರು, “ಸರ್, ಈ ಹೆಂಗಸು ಯಾರೋ ನಮಗೆ ಗೊತ್ತಿಲ್ಲ. ಸತ್ತವರ ಹೆಸರಲ್ಲಿ ಒಳಗೆ ಸೇರ್ಕೊಂಡಿದ್ದಾಳೆ. ನಾವೇ ಮೋಸ ಹೋದವರು.”

ಹನ್ನೊಂದು ವರ್ಷ ದಿನವೂ ಕಂಡ ಮುಖ. ನನಗೆ ಮೈ ಉರಿಯಿತು. ಅವಳು ಮಾತ್ರ ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು.

ಅಧಿಕಾರಿ ಅದನ್ನು ಎರಡೂ ಬದಿ ತಿರುಗಿಸಿ ನೋಡಿ, ಮಸ್ಟರ್ ಹೊತ್ತು ತಂದಿದ್ದ ಮೇಸ್ತ್ರಿಯನ್ನು ಕರೆದರು. ಇವನು ಸುಳ್ಳು ಹೇಳುತ್ತಾನೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಮಿಲ್ಲಿನ ಅನ್ನ ತಿನ್ನುವವನು, ಮ್ಯಾನೇಜರು ಎರಡು ಮೊಳ ದೂರದಲ್ಲಿ ಕೂತಿದ್ದಾರೆ.

“ಈ ಸಹಿ ಯಾರದು?”

“ನಂದ್ರಿ.”

“ಯಾರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಿ?”

ಮೇಸ್ತ್ರಿ ಮ್ಯಾನೇಜರನ್ನು ನೋಡಿದ, ಆಮೇಲೆ ಅವಳ ಬೆರಳುಗಳನ್ನು ನೋಡಿದ. “ಈಕೀನ್ನ ರೀ.”

“ಮಸ್ಟರಿನ ಹೆಸರು ಈಕೆದಲ್ಲ ಅಂತ ಆಗ ಗೊತ್ತಿತ್ತಾ?”

“ಗೊತ್ತಿತ್ರಿ ಸಾಹೇಬ್ರ. ಯಾರ ನಂಬರಿನ್ಯಾಗ ಯಾರು ಅದಾರ ಅಂತ ಎಲ್ಲಾರ್ದೂ ಗೊತ್ತದ ರೀ. ಮ್ಯಾಲಿನವ್ರಿಗೂ ಹೇಳೀನಿ. ಹಂಗ ಇರ್ಲಿ ಅಂದಾರ.”

ಅವನು ಏಕೆ ನಿಜ ಹೇಳಿದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೂ ಹನ್ನೊಂದು ತಿಂಗಳ ಪತ್ರ ಕೊಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಅದಕ್ಕಾಗಿ ಇರಬಹುದು, ಆ ಬೆರಳುಗಳಿಗಾಗಿಯೂ ಇರಬಹುದು. ಕೇಳುವ ಮನಸ್ಸಾಗಲಿಲ್ಲ.

ಅಧಿಕಾರಿ ಅಂದು ಎಣಿಸಲಿಲ್ಲ. ಯಂತ್ರದ ಮೇಲೆ ನಿಂತು ದುಡಿಯುವವರ ನಿಜವಾದ ಹೆಸರು ಬರೆದು ಮಸ್ಟರನ್ನು ಹದಿನೈದು ದಿನದಲ್ಲಿ ಸರಿಪಡಿಸಿ, ಆಮೇಲೆ ಎಣಿಸುತ್ತೇನೆ, ಅಷ್ಟರಲ್ಲಿ ಯಾರನ್ನೂ ತೆಗೆಯುವುದಿಲ್ಲ ಎಂದು ಬರೆದುಕೊಡಿ ಎಂದರು. ಮ್ಯಾನೇಜರು ಬರೆದುಕೊಟ್ಟರು. ನಾನು ಆ ಬರಹದ ಪ್ರತಿಯನ್ನು ಅಲ್ಲೇ ಎರಡು ಸಲ ಓದಿದೆ.

ಆ ಹದಿನೈದು ದಿನದಲ್ಲಿ ಎಂಟು ಮಂದಿ ಹೆದರಿ ನಮ್ಮನ್ನು ಬಿಟ್ಟರು. ಕೊನೆಗೆ ಎಣಿಸಿದಾಗ ನೂರ ಹನ್ನೆರಡು. ಬೇಕಾದ್ದಕ್ಕಿಂತ ಮೂರು ಹೆಚ್ಚು. ಹನ್ನೊಂದು ತಿಂಗಳ ಅವಧಿಯನ್ನು ಪತ್ರದಿಂದ ತೆಗೆಸುವ ಮಾತುಕತೆಗೆ ಈಗ ನಾವು ಎದುರು ಕೂರುತ್ತೇವೆ. ಸೇರಿದ ದಿನಾಂಕದ ಜಗಳ ಬೇರೆಯೇ ವಿವಾದವಾಗಿ ಅಧಿಕಾರಿಯ ಮುಂದೆ ಸಂಧಾನದಲ್ಲಿದೆ. ಮ್ಯಾನೇಜರು ಪ್ರತಿ ಸಲವೂ ಇನ್ನೊಂದು ತಾರೀಖು ಕೇಳುತ್ತಾರೆ. ಅದು ಎಲ್ಲಿಗೆ ಮುಟ್ಟುತ್ತದೋ ಗೊತ್ತಿಲ್ಲ, ಒಳ್ಳೆಯದಕ್ಕೇ ಎಂದು ನಂಬುವ ಸ್ವಭಾವ ನನ್ನದಲ್ಲ.

ಮಸ್ಟರ್ ಬದಲಾದ ದಿನ ಸಂಜೆ ದೇವದುರ್ಗದಾಕೆ ಹೊಸ ನೇಮಕಾತಿ ಪತ್ರ ತಂದಳು. ಅವಳ ಸ್ವಂತ ಹೆಸರಿತ್ತು. ಸೇರಿದ ದಿನಾಂಕ ಅಂದಿನದು. ‘ಹನ್ನೊಂದು ವರ್ಷದ ಸೇವೆಯ ಹಕ್ಕನ್ನು ಬಿಟ್ಟುಕೊಡದೆ ಪಡೆದಿದ್ದೇನೆ’ ಎಂದು ಬರೆದುಕೊಟ್ಟೆ, ಅವಳು ಕೆಳಗೆ ಸಹಿ ಹಾಕಿದಳು. ನಿಧಾನಕ್ಕೆ, ಒಂದೊಂದೇ ಅಕ್ಷರ. ಹೋಗಲು ಎದ್ದವಳು ಬಾಗಿಲಲ್ಲಿ ನಿಂತಳು.

“ಅಕ್ಕನ ಹೆಸ್ರು ಏನು ಮಾಡಿದ್ರಿ?”

“ಮಸ್ಟರಿನಿಂದ ತೆಗದಾರ,” ಎಂದೆ. “ಇನ್ನ ನಿಮಗ ಅದರ ಕಾಟ ಇಲ್ಲ.”

“ಕಾಟ ಅಲ್ರಿ,” ಎಂದಳು. “ದಿನಾ ಮುಂಜಾನಿ ಮೇಸ್ತ್ರಿ ಆಕೀನ್ನ ಕರೀತಿದ್ದ. ಅದೀನ್ರಿ ಅಂತ ಆಕಿ ಪರವಾಗಿ ನಾ ಅಂತಿದ್ದೆ. ಊರಾಗ ಸತ್ರೂ ಮಿಲ್ಲಿನ್ಯಾಗ ಆಕಿ ಇದ್ಳು. ನಾಳಿಂದ ಯಾರೂ ಕರೆಯೂದಿಲ್ಲ ಅಲ್ರಿ?”

ಇಷ್ಟು ದಿನ ನಾನು ಏನೇನೋ ಸಂಶಯಪಟ್ಟಿದ್ದೆ. ಇದೊಂದು ನನಗೆ ಹೊಳೆದಿರಲಿಲ್ಲ. ಇಲ್ಲ, ಕರೆಯುವುದಿಲ್ಲ ಎಂದೆ. ಅವಳು ಪತ್ರವನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಹೋದಳು.

ಮರುದಿನ ಬೆಳಿಗ್ಗೆ ನಾನು ಮಿಲ್ಲಿನ ಗೇಟಿಗೆ ಹೋದೆ. ಹೊಸ ಮಸ್ಟರಿನಲ್ಲಿ ಅವಳನ್ನು ಎಲ್ಲಿ ಬಿಟ್ಟುಬಿಡುತ್ತಾರೋ ಎಂಬ ಅನುಮಾನ ಹೋಗಿರಲಿಲ್ಲ. ಹೆಂಗಸರು ಸಾಲಾಗಿ ನಿಂತಿದ್ದರು. ಮೇಸ್ತ್ರಿ ನಂಬರು, ಹೆಸರು ಕೂಗುತ್ತ ಬಂದ. ಅವಳ ನಂಬರು ಬಂತು, ಅವಳದೇ ಹೆಸರು ಕೂಗಿದ. ಉತ್ತರ ಬರಲಿಲ್ಲ. ಅವಳು ಸಾಲಿನಲ್ಲೇ ಇದ್ದಳು, ತಲೆಗೆ ಬಟ್ಟೆ ಬಿಗಿದುಕೊಂಡು, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಸುಮ್ಮನೆ ನಿಂತಿದ್ದಳು. ಮೇಸ್ತ್ರಿ ಪುಸ್ತಕದಿಂದ ತಲೆ ಎತ್ತಿ ಇನ್ನೊಮ್ಮೆ ಕೂಗಿದ. ಪಕ್ಕದವಳು ಮೊಣಕೈಯಿಂದ ತಿವಿದಳು.

“ಅದೀನ್ರಿ,” ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಏಳನೇ ಯಂತ್ರದ ಕಡೆ ಹೋದಳು.